ಹೊನ್ನಾಳಿ ಸೀಮೆಯ ಯಂತ್ರ ಕಸುಬಿನ ತರುಣರಿಗೆ ಒಂದು ಬಹಿರಂಗ ಪತ್ರ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳಲ್ಲಿ ಯಂತ್ರಗಳ ದುರಸ್ತಿಯನ್ನು ಜೀವನೋಪಾಯವಾಗಿ ಹಿಡಿದಿರುವ ಮತ್ತು ಹಿಡಿಯಲಿರುವ ತರುಣ ಬಂಧುಗಳೆ,

ತುಂಗಭದ್ರೆಯ ದಂಡೆಯ ಗದ್ದೆಗಳಲ್ಲಿ ನೀರೆತ್ತುವ ಎಂಜಿನ್ನು ನಡುರಾತ್ರಿಯಲ್ಲಿ ನಿಂತುಹೋದರೆ ಟಾರ್ಚಿನ ಬೆಳಕಿನಲ್ಲಿಯೇ ಅದರ ಹೆಡ್ಡನ್ನು ಬಿಚ್ಚಿ, ವಾಲ್ವನ್ನು ಮತ್ತೆ ಕೂರಿಸಿ, ಬೆಳಗಾಗುವುದರೊಳಗಾಗಿ ಕಾಲುವೆಗೆ ನೀರು ಹರಿಸಬಲ್ಲ ಕೈಗಳು ನಿಮ್ಮವು. ಚನ್ನಗಿರಿಯ ಅಡಕೆ ತೋಟಗಳಲ್ಲಿ ಔಷಧ ಸಿಂಪಡಿಸುವ ಯಂತ್ರಗಳೂ, ಜಗಳೂರಿನ ಬೆದ್ದಲು ಹೊಲಗಳಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರಗಳೂ, ನ್ಯಾಮತಿಯ ಹಳ್ಳಿಗಳ ಟ್ರ್ಯಾಕ್ಟರು ಟಿಲ್ಲರುಗಳೂ ವರ್ಷವಿಡೀ ನಡೆಯುತ್ತಿರುವುದು ನಿಮ್ಮ ಪರಿಶ್ರಮದಿಂದಲೇ. ಇಷ್ಟಾಗಿಯೂ, 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನನಿಲ್ದಾಣವು ತೆರೆದು, ನಮ್ಮ ನೆರೆಯಲ್ಲಿಯೇ ವಿಮಾನಗಳು ಏರಿಳಿಯುವುದು ವಾಡಿಕೆಯಾದ ಮೇಲೂ, "ಅದೆಲ್ಲ ನಮ್ಮಂಥವರ ಕಸುಬಲ್ಲ" ಎಂಬ ಮಾತು ನಿಮ್ಮ ಗ್ಯಾರೇಜುಗಳಲ್ಲಿ ಇನ್ನೂ ಕೇಳಿಬರುತ್ತಿರುವುದರಿಂದ, ಲಘುವಿಮಾನಗಳ ಎಂಜಿನ್ನು ಪ್ರೊಪೆಲರುಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ಹೊನ್ನಾಳಿಯವನಾದ ನಾನು ಈ ಪತ್ರವನ್ನು ಬರೆಯಲೇಬೇಕಾಯಿತು. ಆ ಕಸುಬಿನ ಅರ್ಧಭಾಗವನ್ನು ನೀವು ಈಗಾಗಲೇ ಬಲ್ಲಿರಿ. ಉಳಿದ ಅರ್ಧವು ಯಂತ್ರಕ್ಕಿಂತ ಹೆಚ್ಚಾಗಿ ಶಿಸ್ತಿಗೆ ಸೇರಿದುದು, ಮತ್ತು ಅದು ಕಲಿತರೆ ಬರತಕ್ಕದ್ದು. ನಾನು ಹೇಳಬೇಕಾಗಿರುವುದು ಇಷ್ಟೇ.

ಈ ವಿದ್ಯೆ ನಮ್ಮ ನಾಡಿಗೆ ಹೊಸತೇನೂ ಅಲ್ಲ. ವಾಲ್‌ಚಂದ್ ಹೀರಾಚಂದರ ಸಾಹಸವೂ ಮೈಸೂರು ಸರ್ಕಾರದ ಬಂಡವಾಳವೂ ಕೂಡಿ ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ಹುಟ್ಟಿತು, ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನವು 1951ರ ಆಗಸ್ಟ್ 5ರಂದು ಮೊದಲು ಹಾರಿತು. 1958ರಲ್ಲಿ ಹಾರಿದ ಪುಷ್ಪಕವು ತೊಂಬತ್ತು ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನನ್ನು ಹೊತ್ತು ದೇಶದ ಹಾರಾಟದ ಕ್ಲಬ್ಬುಗಳಿಗೆ ಹೋಗಿ ಸೇರಿತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಶಾಲೆಯ ಹಂಸವು 1993ರಲ್ಲಿ ನೆಲಬಿಟ್ಟೆದ್ದು 2000ದಲ್ಲಿ ಪ್ರಮಾಣಪತ್ರವನ್ನು ಪಡೆಯಿತು. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಹೆಸರನ್ನಂತೂ ನೀವು ಕೇಳಿರಬಹುದು. ಈಚೆಗೆ ಬೆಳಗಾವಿ ಕಲಬುರಗಿಗಳಲ್ಲಿಯೂ ಹಾರಾಟ ಕಲಿಸುವ ಸಂಸ್ಥೆಗಳು ನೆಲೆಯೂರಿವೆ. ನಮ್ಮದೇ ಜಿಲ್ಲೆಯ ಹರಿಹರದಲ್ಲಿ 1940ರ ದಶಕದಲ್ಲಿಯೇ ಕಿರ್ಲೋಸ್ಕರರ ಕಾರ್ಖಾನೆಯು ಲೇತ್ ಯಂತ್ರಗಳನ್ನು ಮಾಡತೊಡಗಿತ್ತೆಂಬುದನ್ನು ನೆನೆದರೆ, ಲೋಹವನ್ನು ಅಂಗುಲದ ಸಹಸ್ರಾಂಶದ ಲೆಕ್ಕದಲ್ಲಿ ಅಳೆಯುವ ಸಂಸ್ಕಾರವು ಈ ಸೀಮೆಗೆ ಪರಕೀಯವೆಂದು ಯಾರೂ ಹೇಳಲಾರರು.

ಸೋಗಾನೆಗೆ ಬರುವ ಪ್ರಯಾಣಿಕರ ವಿಮಾನಗಳದು ಟರ್ಬೈನ್ ಎಂಜಿನ್ನು. ಅದರ ಮಾತು ಬೇರೆ. ಆದರೆ ಅವುಗಳನ್ನು ನಡೆಸುವ ಚಾಲಕನು ಮೊದಲು ಅಕ್ಷರಾಭ್ಯಾಸ ಮಾಡುವುದು ಸಾಮಾನ್ಯವಾಗಿ ಸೆಸ್ನಾ 152, ಸೆಸ್ನಾ 172ರಂತಹ ಸಣ್ಣ ವಿಮಾನದಲ್ಲಿ, ಮತ್ತು ಅದರ ಮೂತಿಯಲ್ಲಿರುವುದು ನೀವು ದಿನವೂ ಬಿಚ್ಚುವ ನಾಲ್ಕು ಸ್ಟ್ರೋಕಿನ ಪಿಸ್ಟನ್ ಎಂಜಿನ್ನಿನ ಒಡಹುಟ್ಟು. ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿರುತ್ತವೆ; ನೀರಿಲ್ಲ, ರೇಡಿಯೇಟರಿಲ್ಲ, ರೆಕ್ಕೆರೆಕ್ಕೆಯಾದ ಸಿಲಿಂಡರುಗಳ ಮೇಲೆ ಹಾಯುವ ಗಾಳಿಯೇ ಅವನ್ನು ತಣಿಸಬೇಕು; ಗೇರುಪೆಟ್ಟಿಗೆಯೂ ಇಲ್ಲದೆ ಕ್ರ್ಯಾಂಕಿನ ತುದಿಗೇ ಪ್ರೊಪೆಲರನ್ನು ಬಿಗಿದಿರುತ್ತಾರೆ. ನೂರರಿಂದ ನೂರೆಂಬತ್ತು ಅಶ್ವಶಕ್ತಿ, ನಿಮಿಷಕ್ಕೆ ಹೆಚ್ಚೆಂದರೆ 2700 ಸುತ್ತು. ಮೋಟಾರು ಸೈಕಲ್ಲಿನ ಎಂಜಿನ್ನನ್ನು ಬಲ್ಲವನಿಗೆ ಇದು ಸೋಮಾರಿ ಯಂತ್ರವೆಂದು ತೋರಬಹುದು. ಆದರೆ ಮೋಟಾರು ಸೈಕಲ್ಲು ಪೂರ್ಣಶಕ್ತಿಯಲ್ಲಿ ಓಡುವುದು ಕ್ಷಣಕಾಲ. ಇದಾದರೋ ಗಂಟೆಗಟ್ಟಲೆ ಮುಕ್ಕಾಲು ಶಕ್ತಿಯಲ್ಲಿ ದುಡಿಯಬೇಕು, ಮತ್ತು ದಾರಿಯ ಬದಿಯಲ್ಲಿ ನಿಲ್ಲಿಸಿ ನೋಡುವ ಅವಕಾಶವು ಇದಕ್ಕಿಲ್ಲ. ಹಂಸದಲ್ಲಿರುವ ರೋಟಾಕ್ಸ್ ಎಂಜಿನ್ನು ಇನ್ನೊಂದು ಕುಲದ್ದು: ಅದು 5800 ಸುತ್ತಿನವರೆಗೆ ತಿರುಗಿ, ಗೇರಿನ ಮೂಲಕ ವೇಗವನ್ನಿಳಿಸಿ ಪ್ರೊಪೆಲರಿಗೆ ಕೊಡುತ್ತದೆ, ಅದರ ಹೆಡ್ಡುಗಳಿಗೆ ದ್ರವದ ತಂಪುಂಟು.

ಪ್ರತಿ ಸಿಲಿಂಡರಿಗೂ ಎರಡು ಪ್ಲಗ್ಗು, ಎಂಜಿನ್ನಿಗೆ ಎರಡು ಮ್ಯಾಗ್ನೆಟೋ. ಬ್ಯಾಟರಿ ಸತ್ತರೂ ಕಿಡಿ ಸಾಯಬಾರದು, ಒಂದು ಮ್ಯಾಗ್ನೆಟೋ ಸತ್ತರೂ ಇನ್ನೊಂದು ವಿಮಾನವನ್ನು ನೆಲಕ್ಕೆ ತಲುಪಿಸಬೇಕು ಎಂಬುದು ಇದರ ಆಶಯ. ಜೊತೆಗೆ ಅಗಲವಾದ ಬೋರಿನಲ್ಲಿ ಎರಡು ಕಡೆಯಿಂದ ಹತ್ತಿದ ಬೆಂಕಿಯು ಹೆಚ್ಚು ಪೂರ್ಣವಾಗಿ ಉರಿಯುತ್ತದೆ. ಹಾರುವ ಮೊದಲು ಚಾಲಕನು ಒಂದೊಂದೇ ಮ್ಯಾಗ್ನೆಟೋ ಮೇಲೆ ಎಂಜಿನ್ನನ್ನು ಓಡಿಸಿ ನೋಡುತ್ತಾನೆ. ಸೆಸ್ನಾ 172ರ ಈಚಿನ ಮಾದರಿಯಲ್ಲಿ 1800 ಸುತ್ತಿನಲ್ಲಿರುವಾಗ ಇಳಿತವು 150 ಸುತ್ತನ್ನು ಮೀರಕೂಡದು, ಎರಡರ ನಡುವಣ ಅಂತರವು 50ನ್ನು ಮೀರಕೂಡದು. ಇಲ್ಲಿ ನಿಮ್ಮ ಗಮನಕ್ಕೆ ತರಬೇಕಾದ ಸೂಕ್ಷ್ಮವೊಂದಿದೆ. ಇಳಿತವೇ ಆಗಲಿಲ್ಲವೆಂದರೆ ಹೊಸಬನು ಎಂಜಿನ್ನು ಬಲವಾಗಿದೆಯೆಂದು ಹಿಗ್ಗುತ್ತಾನೆ, ಬಲ್ಲವನು ಬೆಚ್ಚುತ್ತಾನೆ. ಏಕೆಂದರೆ ಮ್ಯಾಗ್ನೆಟೋವನ್ನು ಆರಿಸುವುದೆಂದರೆ ಒಂದು ತಂತಿಯ ಮೂಲಕ ಅದನ್ನು ಎಂಜಿನ್ನಿನ ಮೈಗೆ ಅರ್ತ್ ಮಾಡುವುದೇ ಹೊರತು ಬೇರೇನೂ ಅಲ್ಲ. ಆ ತಂತಿ ತುಂಡಾಗಿದ್ದರೆ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರೂ ಮ್ಯಾಗ್ನೆಟೋ ಜೀವಂತವಾಗಿಯೇ ಇರುತ್ತದೆ, ಮತ್ತು ನಿಂತ ಪ್ರೊಪೆಲರನ್ನು ಯಾರಾದರೂ ಕೈಯಿಂದ ಸ್ವಲ್ಪ ತಿರುಗಿಸಿದರೆ ಸಿಲಿಂಡರಿನಲ್ಲಿ ಉಳಿದ ಪೆಟ್ರೋಲಿನ ಆವಿಗೆ ಕಿಡಿ ತಾಗಿ ಎಂಜಿನ್ನು ಒದೆಯಬಹುದು. ಆದುದರಿಂದಲೇ ಎಂಜಿನ್ನನ್ನು ನಿಲ್ಲಿಸುವಾಗ ಕೀಲಿಯಿಂದಲ್ಲದೆ ಮಿಕ್ಸ್ಚರ್ ಸನ್ನೆಯನ್ನು ಪೂರ್ತಿಯಾಗಿ ಹಿಂದಕ್ಕೆಳೆದು, ಇಂಧನವನ್ನು ಕಡಿದು, ಸಿಲಿಂಡರುಗಳನ್ನು ಬರಿದು ಮಾಡಿ ನಿಲ್ಲಿಸುವ ಪದ್ಧತಿಯು ಬಂದಿತು. ಪ್ರೊಪೆಲರನ್ನು ಸದಾ ಕಿಡಿಯಿರುವುದೆಂದೇ ಭಾವಿಸಿ ಮುಟ್ಟತಕ್ಕದ್ದು.

ನಮ್ಮ ಸೀಮೆಯವರು ಸುಲಭವಾಗಿ ನಂಬಲಾರದ ಸಂಗತಿಯನ್ನು ಈಗ ಹೇಳುತ್ತೇನೆ: ಬೆವರು ಸುರಿಯುವ ದಿನದಲ್ಲಿಯೂ ಓಡುತ್ತಿರುವ ಎಂಜಿನ್ನಿನೊಳಗೆ ಮಂಜುಗಡ್ಡೆ ಕಟ್ಟಬಹುದು. ಕಾರ್ಬ್ಯುರೇಟರಿನ ಇಕ್ಕಟ್ಟಾದ ಕುತ್ತಿಗೆಯಲ್ಲಿ ಗಾಳಿಯು ವೇಗವಾಗಿ ಹಾಯ್ದು ಒತ್ತಡವನ್ನು ಕಳೆದುಕೊಂಡು ತಣ್ಣಗಾಗುತ್ತದೆ. ಅದೇ ಎಡೆಯಲ್ಲಿ ಪೆಟ್ರೋಲು ಆವಿಯಾಗುತ್ತ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಇವೆರಡೂ ಕೂಡಿದಾಗ ಉಷ್ಣತೆಯು ಮೂವತ್ತು ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕುಸಿಯುವುದುಂಟು. ಹೊರಗೆ 21 ಡಿಗ್ರಿಗಿಂತ ಕಡಿಮೆಯಿದ್ದು ತೇವಾಂಶವು ಶೇಕಡ 80ನ್ನು ದಾಟಿದ್ದರೆ ಅಪಾಯವು ಅತ್ಯಧಿಕ. ಆದರೆ 38 ಡಿಗ್ರಿಯ ಸೆಕೆಯಲ್ಲಿಯೂ ಅದು ಅಸಾಧ್ಯವಲ್ಲ. ಆಷಾಢ ಶ್ರಾವಣಗಳಲ್ಲಿ ತೀರ್ಥಹಳ್ಳಿಯ ಕಡೆಯಿಂದ ಜಡಿಮಳೆಯ ಗಾಳಿ ನಮ್ಮತ್ತ ಬೀಸುವ ದಿನಗಳನ್ನು ನೆನೆಯಿರಿ. ಅಂಥ ಹವೆಯೇ ಇದಕ್ಕೆ ಹೇಳಿಮಾಡಿಸಿದ್ದು. ಥ್ರಾಟಲಿನ ಬಾಯಲ್ಲಿ ಹಿಮವು ಮೆಲ್ಲಮೆಲ್ಲನೆ ಕಟ್ಟುತ್ತ ಬಂದಂತೆ ಸುತ್ತು ಇಳಿಯುತ್ತದೆ, ಚಾಲಕನು ಅರಿಯದೆ ಥ್ರಾಟಲನ್ನು ಮುಂದೂಡುತ್ತಾನೆ, ಮತ್ತೆ ಇಳಿಯುತ್ತದೆ. ಮದ್ದು ಸರಳವಾದುದು: ಎಕ್ಸಾಸ್ಟಿನ ಕೊಳವೆಯ ಸುತ್ತ ಕಾಯಿಸಿದ ಗಾಳಿಯನ್ನು ಕಾರ್ಬ್ಯುರೇಟರಿಗೆ ಬಿಡುವ ಸನ್ನೆಯನ್ನು ಪೂರ್ತಿಯಾಗಿ ಎಳೆಯುವುದು. ಎಳೆದೊಡನೆ ಕರಗಿದ ನೀರು ಎಂಜಿನ್ನೊಳಗೆ ಹೋಗಿ ಅದು ಮೊದಲಿಗಿಂತಲೂ ಹೆಚ್ಚಾಗಿ ನಡುಗುತ್ತದೆ. ಆ ಹೊತ್ತಿನಲ್ಲಿ ಧೃತಿಗೆಟ್ಟು ಸನ್ನೆಯನ್ನು ಹಿಂದಕ್ಕೆ ತಳ್ಳಿದವನು ಕೆಟ್ಟ. ತಾಳಿದವನಿಗೆ ಸುತ್ತುಗಳು ಮರಳಿ ಏರುತ್ತವೆ. ನೆಲದ ಮೇಲಿರುವ ನಿಮ್ಮ ಪಾಲಿನ ಕರ್ತವ್ಯವೆಂದರೆ ಆ ಸನ್ನೆಯ ತಂತಿಯೂ, ಬಾಗಿಲೂ, ಬಿಸಿಗಾಳಿಯ ಹೊದಿಕೆಯೂ ನೆಟ್ಟಗಿವೆಯೆ ಎಂದು ನೋಡುವುದು. ಆ ಹೊದಿಕೆಯೊಳಗಿನ ಎಕ್ಸಾಸ್ಟಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನಿರ್ಲಕ್ಷಿಸಲಾಗದು; ಚಾಲಕರ ಕೋಣೆಯನ್ನು ಬೆಚ್ಚಗಿಡುವ ಗಾಳಿಯೂ ಇಂಥದೇ ಹೊದಿಕೆಯಿಂದ ಬರುವುದರಿಂದ, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡು ಅವರ ಉಸಿರಿಗೆ ಸೇರಬಹುದು.

ಸೀಮೆಎಣ್ಣೆಯ ಪಂಪ್‌ಸೆಟ್ಟನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದನ್ನು ನಿಮ್ಮ ಹಿರಿಯರು ಬಲ್ಲರು. ಆ ಎಂಜಿನ್ನಿನ ಕಂಪ್ರೆಷನ್ನು ಕಡಿಮೆಯಾದುದರಿಂದ ಅದು ನಡೆಯಿತು. ವಿಮಾನದ ಎಂಜಿನ್ನಿನಲ್ಲಿ ಅದು ನಡೆಯದು. ಜೆಟ್ ವಿಮಾನಗಳ ಇಂಧನವು ಶುದ್ಧಗೊಳಿಸಿದ ಸೀಮೆಎಣ್ಣೆಯ ಜಾತಿಯದು. ಅದೇನಾದರೂ ತಪ್ಪಿ ಪಿಸ್ಟನ್ ವಿಮಾನದ ಟ್ಯಾಂಕಿಗೆ ಬಿದ್ದರೆ, ಎಂಜಿನ್ನು ನೆಲದ ಮೇಲೆ ಚೆನ್ನಾಗಿಯೇ ಓಡಿ, ಏರುವ ಹೊತ್ತಿಗೆ ಒಳಗೆ ಆಸ್ಫೋಟಗಳು ಮೊದಲಾಗಿ ಪಿಸ್ಟನ್ನಿನ ತಲೆಯನ್ನೇ ಕರಗಿಸುತ್ತವೆ. ಪಿಸ್ಟನ್ ಎಂಜಿನ್ನಿಗೆ ಬೇಕಾದುದು 100ಎಲ್‌ಎಲ್ ಎಂಬ ವೈಮಾನಿಕ ಪೆಟ್ರೋಲು, ಅದಕ್ಕೆ ನೀಲಿ ಬಣ್ಣ ಹಾಕಿರುತ್ತಾರೆ. ಬಹುಕಾಲ ವಿದೇಶಗಳಿಂದ ತರಿಸುತ್ತಿದ್ದ ಇದನ್ನು ಇಂಡಿಯನ್ ಆಯಿಲ್ ಸಂಸ್ಥೆಯು 2022ರಲ್ಲಿ ವಡೋದರದ ಸಂಸ್ಕರಣಾಗಾರದಿಂದ ಹೊರತಂದಿತು. ಪ್ರತಿ ಮುಂಜಾನೆ ಟ್ಯಾಂಕಿನ ತಳದಿಂದ ಗಾಜಿನಂಥ ಲೋಟಕ್ಕೆ ಸ್ವಲ್ಪ ಇಂಧನವನ್ನು ಹಿಡಿದು, ಬಣ್ಣವನ್ನು ನೋಡಿ, ವಾಸನೆಯನ್ನು ನೋಡಿ, ತಳದಲ್ಲಿ ನೀರಿನ ಗುಳ್ಳೆಯಿದೆಯೆ ಎಂದು ಪರೀಕ್ಷಿಸುವುದು ಈ ಕಸುಬಿನ ನಿತ್ಯಕರ್ಮ. ಲೋಟದ ತುಂಬ ನೀರೇ ಬಂದರೆ ಗೆರೆ ಕಾಣದೆ ಮೋಸವಾಗುವುದುಂಟು. ಬಣ್ಣ ವಾಸನೆಗಳ ಪರೀಕ್ಷೆ ಅದಕ್ಕಾಗಿಯೇ.

ಓಡುವ ಎಂಜಿನ್ನಿಗಿಂತ ನಿಂತ ಎಂಜಿನ್ನು ಬೇಗ ಹಾಳಾಗುತ್ತದೆ. ಲೈಕಮಿಂಗ್ ಎಂಜಿನ್ನುಗಳ ಕ್ಯಾಮ್ ದಂಡವು ಕ್ರ್ಯಾಂಕಿನ ಮೇಲುಗಡೆಯಿರುವುದರಿಂದ ವಾರಗಟ್ಟಲೆ ನಿಂತಾಗ ಅದರ ಮೇಲಣ ಎಣ್ಣೆಯೆಲ್ಲ ಕೆಳಗಿಳಿದು, ತೇವಕ್ಕೆ ತುಕ್ಕು ಹತ್ತಿ, ಮತ್ತೆ ಓಡಿಸಿದಾಗ ಆ ತುಕ್ಕಿನ ಕುಳಿಗಳೇ ಕ್ಯಾಮನ್ನು ತಿನ್ನತೊಡಗುತ್ತವೆ. ನಡುನಡುವೆ ನೆಲದ ಮೇಲೆಯೇ ಹತ್ತು ನಿಮಿಷ ಓಡಿಸಿಟ್ಟರೆ ಸಾಲದೆ ಎಂದು ಕೇಳುವವರುಂಟು. ಸಾಲದಷ್ಟೇ ಅಲ್ಲ, ಅದು ಕೆಡುಕು. ಎಣ್ಣೆಯು ಸುಮಾರು 74ರಿಂದ 93 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾದು ಕೆಲಕಾಲ ಹಾಗೆಯೇ ಇದ್ದ ಹೊರತು ಅದರೊಳಗಣ ನೀರು ಆವಿಯಾಗಿ ಹೋಗದು. ಅರೆಬರೆ ಓಡಿಸಿದರೆ ದಹನದಿಂದ ಹುಟ್ಟಿದ ಹೊಸ ನೀರೂ ಆಮ್ಲವೂ ಅದಕ್ಕೆ ಸೇರುತ್ತವೆ. ಎರಡು ಸಾವಿರ ಗಂಟೆಗಳ ಓಟಕ್ಕೊಮ್ಮೆ ಪೂರ್ಣ ಓವರಾಲು ಎಂದು ತಯಾರಕರು ಹೇಳುವಾಗ ಹನ್ನೆರಡು ವರ್ಷಗಳೆಂಬ ಗಡುವನ್ನೂ ಜೊತೆಗಿಡುವುದು ಇದಕ್ಕಾಗಿಯೇ. ಐವತ್ತು ಗಂಟೆಗೊಮ್ಮೆ, ಇಲ್ಲವೆ ನಾಲ್ಕು ತಿಂಗಳಿಗೊಮ್ಮೆ, ಯಾವುದು ಮೊದಲೋ ಆಗ ಎಣ್ಣೆಯನ್ನು ಬದಲಿಸತಕ್ಕದ್ದು. ಹಳೆಯ ಫಿಲ್ಟರನ್ನು ಮಾತ್ರ ಬಿಸಾಡಬೇಡಿ: ಅದನ್ನು ಕೊಯ್ದು, ಒಳಗಣ ಕಾಗದದ ಮಡಿಕೆಗಳನ್ನು ಹರಡಿ, ಹಗಲು ಬೆಳಕಿನಲ್ಲಿ ಲೋಹದ ಕಣಗಳನ್ನು ಹುಡುಕಬೇಕು. ಅಯಸ್ಕಾಂತಕ್ಕೆ ಅಂಟುವುದು ಉಕ್ಕು, ಅಂಟದೆ ಹೊಳೆಯುವುದು ಅಲ್ಯೂಮಿನಿಯಮ್ಮು. ಎಲ್ಲಿ ಸವೆಯುತ್ತಿದೆಯೆಂಬುದನ್ನು ಎಂಜಿನ್ನೇ ಆ ಮಡಿಕೆಗಳಲ್ಲಿ ತಿಳಿಸಿರುತ್ತದೆ.

ನಿಮ್ಮ ಕಿವಿಗೆ ಕೆಲಸ ಕೊಡುವ ಪರೀಕ್ಷೆಯೊಂದಿದೆ, ಮತ್ತು ನನಗೆ ಈ ಕಸುಬಿನಲ್ಲಿ ಅತ್ಯಂತ ಪ್ರಿಯವಾದುದೂ ಅದೇ. ಪಿಸ್ಟನ್ನನ್ನು ಕಂಪ್ರೆಷನ್ನಿನ ಮೇಲ್ತುದಿಗೆ ತಂದು, ಪ್ಲಗ್ಗಿನ ತೂತಿನಿಂದ ಚದರ ಅಂಗುಲಕ್ಕೆ 80 ಪೌಂಡಿನ ಒತ್ತಡದ ಗಾಳಿಯನ್ನು ಬಿಡುತ್ತಾರೆ. ಸಹಾಯಕನು ಪ್ರೊಪೆಲರನ್ನು ಭದ್ರವಾಗಿ ಹಿಡಿದಿರಬೇಕು, ಇಲ್ಲವಾದರೆ ಆ ಗಾಳಿಯೇ ಅದನ್ನು ಬೀಸಿ ಕೈ ಮುರಿದೀತು. ಸಿಲಿಂಡರಿನೊಳಗೆ ಉಳಿದ ಒತ್ತಡವನ್ನು ತೋರುವ ಎರಡನೆಯ ಮಾಪಕವು 75 ತೋರಿದರೆ ಸಿಲಿಂಡರು ಚೆನ್ನಾಗಿದೆ. 60ಕ್ಕಿಂತ ಕೆಳಗಿಳಿದರೆ ಅದನ್ನು ಬಿಚ್ಚುವ ಆಲೋಚನೆ ಮಾಡಬೇಕು. ಅಂಕಿಗಿಂತ ಮುಖ್ಯವಾದುದು ಗಾಳಿ ಎಲ್ಲಿ ಸೋರುತ್ತಿದೆ ಎಂಬುದು. ಎಕ್ಸಾಸ್ಟಿನ ಬಾಯಲ್ಲಿ ಸುಯ್ಯೆಂದರೆ ಹೊಗೆಯ ವಾಲ್ವು ಸುಟ್ಟಿದೆ. ಗಾಳಿ ಸೇದುವ ದಾರಿಯಲ್ಲಿ ಕೇಳಿದರೆ ಇನ್ನೊಂದು ವಾಲ್ವು. ಎಣ್ಣೆ ಹಾಕುವ ಕೊಳವೆಯಲ್ಲಿ ಕೇಳಿದರೆ ರಿಂಗುಗಳು. ಟ್ರ್ಯಾಕ್ಟರಿನ ಬ್ರೀದರಿಗೆ ಅಂಗೈಯೊಡ್ಡಿ ರಿಂಗು ಹೋಗಿದೆಯೆಂದು ತೀರ್ಪು ಕೊಡುವ ನೀವು ಇದನ್ನು ಒಂದೇ ಹಗಲಿನಲ್ಲಿ ಕಲಿಯಬಲ್ಲಿರಿ.

ಪ್ರೊಪೆಲರಿನ ವಿಷಯದಲ್ಲಿ ಮಾತ್ರ ನಿಮ್ಮ ಹಳೆಯ ಅನುಭವವು ಸಾಲದು, ಏಕೆಂದರೆ ಅಂಥದು ನಮ್ಮ ಹೊಲಗಳಲ್ಲಿ ಇಲ್ಲ. ಅದು ಬೀಸಣಿಗೆಯಲ್ಲ, ತಿರುಗುವ ರೆಕ್ಕೆ. ತುದಿಯು ಬುಡಕ್ಕಿಂತ ಬಹು ವೇಗವಾಗಿ ಚಲಿಸುವುದರಿಂದ ಗಾಳಿಯನ್ನು ಎಲ್ಲೆಡೆಯೂ ಸರಿಯಾದ ಕೋನದಲ್ಲಿ ಕಚ್ಚಲೆಂದು ಅಲಗನ್ನು ಬುಡದಿಂದ ತುದಿಯವರೆಗೆ ತಿರುಚಿ ಮಾಡಿರುತ್ತಾರೆ. ಆರಡಿ ನಾಲ್ಕಂಗುಲ ಉದ್ದದ ಪ್ರೊಪೆಲರು ನಿಮಿಷಕ್ಕೆ 2700 ಸುತ್ತು ತಿರುಗುವಾಗ ಅದರ ತುದಿಯ ವೇಗವು ಗಂಟೆಗೆ ಸುಮಾರು 980 ಕಿಲೋಮೀಟರು. ಪ್ರತಿಯೊಂದು ಅಲಗೂ ಹಲವು ಟನ್ನುಗಳ ಬಲದಿಂದ ಹೊರಕ್ಕೆ ಸೆಳೆಯಲ್ಪಡುತ್ತಿರುತ್ತದೆ, ಅದರ ಮೇಲೆ ಎಂಜಿನ್ನಿನ ಒಂದೊಂದು ಹೊಡೆತಕ್ಕೂ ಕಂಪಿಸುತ್ತಿರುತ್ತದೆ. ಈ ಸ್ಥಿತಿಯಲ್ಲಿ ಒಂದು ಸಣ್ಣ ಕಲ್ಲು ಸಿಡಿದು ಅಲಗಿನ ಅಂಚಿನಲ್ಲಿ ಜೋಳದ ಕಾಳಿನಷ್ಟು ಕಚ್ಚು ಬಿದ್ದರೆ, ಹರಡಿಕೊಂಡಿದ್ದ ಸೆಳೆತವೆಲ್ಲ ಆ ಚೂಪಾದ ಮೂಲೆಯಲ್ಲಿ ಕೇಂದ್ರೀಕರಿಸಿ ಬಿರುಕು ಹುಟ್ಟುತ್ತದೆ, ಬಿರುಕು ಬೆಳೆಯುತ್ತದೆ, ಕಡೆಗೊಮ್ಮೆ ಅಲಗಿನ ತುದಿಯೇ ಹಾರಿಹೋಗುತ್ತದೆ; ಆಗ ಉಳಿದ ಭಾಗದ ಅಸಮತೋಲವು ಎಂಜಿನ್ನನ್ನೇ ಬುಡದಿಂದ ಕಿತ್ತುಹಾಕಬಲ್ಲದು. ಆದುದರಿಂದ ಹಾರುವ ಮುನ್ನ ಅಲಗಿನ ಮೇಲೆ ಕಣ್ಣಾಡಿಸಬೇಕು. ಕಚ್ಚು ಕಂಡರೆ ನುಣುಪಾದ ಅರದಿಂದ ಅಲಗಿನ ಉದ್ದಕ್ಕೆ ಉಜ್ಜಿ, ಚೂಪು ಉಳಿಯದಂತೆ ಆಳವಿಲ್ಲದ ಬಟ್ಟಲಿನಾಕಾರಕ್ಕೆ ತಂದು, ಹೊಳಪು ಕೊಟ್ಟು, ತಯಾರಕರು ಹೇಳಿದ ಮಿತಿಯೊಳಗೆ ಅಲಗು ಉಳಿದಿದೆಯೆ ಎಂದು ಅಳೆಯಬೇಕು. ಬಾಗಿದ ಅಲಗನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡುವ ಆಲೋಚನೆಯು ಮನಸ್ಸಿನಲ್ಲಿ ಕೂಡ ಸುಳಿಯಬಾರದು. ತಿರುಗುತ್ತಿದ್ದ ಪ್ರೊಪೆಲರು ನೆಲಕ್ಕೆ ತಾಗಿ ಅಲಗು ಮಾತ್ರ ಬಾಗಿದಂತೆ ಕಂಡರೂ, ಎಂಜಿನ್ನು ಆ ಮೇಲೆ ಸುಸೂತ್ರವಾಗಿ ಓಡಿದರೂ, ಒಳಗಣ ಕ್ರ್ಯಾಂಕೂ ಗೇರುಗಳೂ ಪೆಟ್ಟನ್ನುಂಡಿರುವುದರಿಂದ ಎಂಜಿನ್ನನ್ನು ಬಿಚ್ಚಿ ಪರೀಕ್ಷಿಸಲೇಬೇಕು.

ಇಲ್ಲಿಗೆ ಶಿಸ್ತಿನ ಮಾತು ಬಂದಿತು. ನಮ್ಮ ಗ್ಯಾರೇಜುಗಳಲ್ಲಿ ಗ್ಯಾಸ್ಕೆಟ್ಟು ಸಿಗದಿದ್ದರೆ ರಟ್ಟನ್ನು ಕತ್ತರಿಸಿ ಕೂರಿಸುವ, ಒಂದು ಬೋಲ್ಟಿನ ಬದಲಿಗೆ ಇನ್ನೊಂದನ್ನು ಹೊಂದಿಸುವ ಜಾಣ್ಮೆಯುಂಟು. ಸುಗ್ಗಿಯ ಹೊತ್ತಿನಲ್ಲಿ ರೈತನ ಬೆಳೆಯನ್ನು ಉಳಿಸಿದ ಆ ಜಾಣ್ಮೆಯನ್ನು ನಾನು ಹೀಗಳೆಯಲಾರೆ. ಆದರೆ ಹ್ಯಾಂಗರಿನೊಳಗೆ ಅದಕ್ಕೆ ಪ್ರವೇಶವಿಲ್ಲ. ಬೋಲ್ಟು ಯಾವುದು, ಅದನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಎಷ್ಟು ಬಿಗಿಯಬೇಕು, ಬಿಗಿದ ಮೇಲೆ ಸಡಿಲದ ದಿಕ್ಕಿಗೆ ಎದುರಾಗಿ ಲಾಕಿಂಗ್ ತಂತಿಯನ್ನು ಹೇಗೆ ಹೆಣೆಯಬೇಕು ಎಂಬುದೆಲ್ಲವೂ ಕೈಪಿಡಿಯಲ್ಲಿದೆ. ಕೈಪಿಡಿಯನ್ನು ಎದುರಿಗೆ ತೆರೆದಿಟ್ಟುಕೊಂಡು ಕೆಲಸ ಮಾಡುವುದು ಅಲ್ಲಿ ಅಜ್ಞಾನದ ಲಕ್ಷಣವಲ್ಲ, ಯೋಗ್ಯತೆಯ ಲಕ್ಷಣ. ಮಾಡಿದುದನ್ನೆಲ್ಲ ಲಾಗ್ ಪುಸ್ತಕದಲ್ಲಿ ಬರೆದು ರುಜು ಹಾಕತಕ್ಕದ್ದು. ಜಮೀನಿಗೆ ಪಹಣಿ ಹೇಗೋ ಎಂಜಿನ್ನಿಗೆ ಲಾಗ್ ಪುಸ್ತಕ ಹಾಗೆ. ಅದರಲ್ಲಿಲ್ಲದ ಕೆಲಸವು ನಡೆದೇ ಇಲ್ಲವೆಂದು ಲೆಕ್ಕ. ಆ ರುಜುವಿಗೆ ಇನ್ನೊಂದು ಮುಖವಿದೆ: ಅದನ್ನು ಹಾಕದಿರುವ ಅಧಿಕಾರ. ಮಾಲಿಕನು ಅವಸರಪಡಿಸಲಿ, ಚಾಲಕನು ಗೊಣಗಲಿ, "ಸ್ವಲ್ಪ ಅಡ್ಜಸ್ಟ್ ಮಾಡಿ" ಎಂದು ಯಾರೇ ಅಂಗಲಾಚಲಿ, ವಿಮಾನವು ಹಾರಲು ಯೋಗ್ಯವಲ್ಲವೆಂದು ನಿಮಗೆ ತೋರಿದರೆ ಅದು ಹಾರಬಾರದು.

ಈ ಕಟ್ಟುನಿಟ್ಟು ಅತಿಯಾಯಿತೆಂದು ನಿಮಗೆ ತೋರುವುದಾದರೆ ಬೆಂಗಳೂರಿನಲ್ಲಿಯೇ ರೂಪುಗೊಂಡ ಎಚ್‌ಪಿಟಿ-32 ದೀಪಕ್ ವಿಮಾನದ ಕಥೆಯನ್ನು ತಿಳಿಯಿರಿ. ಆರು ಸಿಲಿಂಡರುಗಳ, 260 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ನಿನ ಈ ವಿಮಾನದಲ್ಲಿ ನಮ್ಮ ವಾಯುಪಡೆಯ ಕಿರಿಯರು ಬಹುಕಾಲ ಹಾರಾಟ ಕಲಿತರು. ಗಾಳಿಯಲ್ಲಿ ಎಂಜಿನ್ನು ನಿಂತ ಪ್ರಸಂಗಗಳು ಮರುಕಳಿಸಿ, 2009ರ ಜುಲೈಯಲ್ಲಿ ಇಬ್ಬರು ಪೈಲಟ್ಟರು ಮಡಿದ ಅಪಘಾತದ ತರುವಾಯ ಇಡೀ ಸಮೂಹವನ್ನೇ ನೆಲಕ್ಕಿಳಿಸಲಾಯಿತು.

ಇನ್ನು ದಾರಿಯ ಮಾತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಕೊಡುವ ವಿಮಾನ ನಿರ್ವಹಣಾ ಎಂಜಿನಿಯರ್ ಪರವಾನಿಗೆಯಲ್ಲಿ ಬಿ1.2 ಎಂಬ ವಿಭಾಗವು ಪಿಸ್ಟನ್ ವಿಮಾನಗಳಿಗೇ ಮೀಸಲು, ಟರ್ಬೈನಿಗೆ ಬಿ1.1. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿದವರಿಗೆ ಅದರ ಪರೀಕ್ಷೆಗಳ ಬಾಗಿಲು ತೆರೆದಿದೆ. ಪರೀಕ್ಷೆಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ, ಅವುಗಳ ಜೊತೆಗೆ ವಿಮಾನಗಳ ಮೇಲೆ ದುಡಿದ ಅನುಭವವೂ ಬೇಕು. ಕೆಲಸವು ಮೊದಲಲ್ಲಿ ಹೆಚ್ಚು ಸಂಬಳವನ್ನು ತರದು ಎಂಬುದನ್ನು ಮುಚ್ಚಿಡಲಾರೆ. ಎಸ್ಸೆಸ್ಸೆಲ್ಸಿಯ ಬಳಿಕ ಐ.ಟಿ.ಐ. ಸೇರಿದವರು ವಿಜ್ಞಾನದ ಪಿಯುಸಿಯನ್ನಾಗಲಿ ಡಿಪ್ಲೊಮಾವನ್ನಾಗಲಿ ಹೇಗಾದರೂ ಮುಗಿಸಿಕೊಳ್ಳಿ. ತರಬೇತಿ ಸಂಸ್ಥೆಗೆ ಹಣ ಕಟ್ಟುವ ಮೊದಲು ಅದು ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ಪಟ್ಟಿಯಲ್ಲಿದೆಯೆ ಎಂದು ನೀವೇ ನೋಡಿಕೊಳ್ಳಿ. ಜಾಹೀರಾತಿನ ಮಾತಿಗೆ ತಂದೆಯವರ ಅಡಕೆಯ ಹಣವನ್ನು ಸುರಿಯಬೇಡಿ. ತಂಗಿಯರೂ ಇದನ್ನು ಓದುತ್ತಿದ್ದರೆ ಅವರಿಗೂ ಇದೇ ಮಾತು: ಈ ಕಸುಬು ತೋಳಿನ ಬಲಕ್ಕಿಂತ ಕಣ್ಣಿನ ಎಚ್ಚರವನ್ನು ಬೇಡುವಂಥದು.

ಈ ವರ್ಷ ಪಿಯುಸಿಗೆ ಸೇರುತ್ತಿರುವವರು ಕಷ್ಟವೆಂದು ಹೆದರಿ ಗಣಿತವನ್ನು ಬಿಡಬೇಡಿರೆಂಬುದೇ ನಿಮ್ಮಲ್ಲಿ ನನ್ನ ಬಿನ್ನಹ.

ಇತಿ,
ನಿಮ್ಮ ಹಿತೈಷಿ,
ಹೊನ್ನಾಳಿಯ ಒಬ್ಬ ಹಿರಿಯ ಯಂತ್ರಕರ್ಮಿ